ಕುಂಡದಲ್ಲಿ ಜೀವಾಣಿ

ಆ ಗಿಡವನ್ನು ಮೊದಲ ಸಲ ನೋಡಿದವರೆಲ್ಲ ಪ್ಲಾಸ್ಟಿಕ್ಕಿನದೆಂದೇ ತಿಳಿಯುತ್ತಿದ್ದರು. ಅಷ್ಟು ದಪ್ಪ, ಅಷ್ಟು ಮಿರಿಮಿರಿ ಎಲೆ. ಬಂದವರು ಮಾತಾಡುತ್ತಲೇ ಕೈ ಚಾಚಿ ಒಂದೆಲೆಯನ್ನು ಉಗುರಿನಿಂದ ಒತ್ತಿ ನೋಡಿ, "ಅರೆ, ಖರೇದ ಐತಲ್ಲ!" ಅನ್ನುತ್ತಿದ್ದರು. ಜಿನೇಂದ್ರ ತೇರದಾಳದ ಹಳೆಯ ಮನೆ ಬಿಟ್ಟು ರಬಕವಿಯಲ್ಲಿ ಎರಡನೇ ಮಹಡಿಯ ಹೊಸ ಮನೆಗೆ ಬಂದಾಗ ನೂಲಿನ ವ್ಯಾಪಾರಿಯೊಬ್ಬರು ಅದನ್ನು ಬಿಳಿ ಪಿಂಗಾಣಿ ಕುಂಡದ ಸಮೇತ ಉಡುಗೊರೆ ಕೊಟ್ಟಿದ್ದರು. ಹೆಸರು ಝೀ-ಝೀ. ಬಿಸಿಲು ಬೇಕಿಲ್ಲ, ತಿಂಗಳಿಗೊಮ್ಮೆ ಒಂದು ಲೋಟ ನೀರು ಸಾಕು, ಇದನ್ನು ಸಾಯಿಸಬೇಕೆಂದರೂ ಸಾಯುವುದಿಲ್ಲ ಎಂದು ಹೇಳಿ ಹೋಗಿದ್ದರು. ಮಳೆಗಾಲ ಬರುವಷ್ಟರಲ್ಲಿ ಈ ಮನೆ ಆ ಕೆಲಸವನ್ನೂ ಬಹುತೇಕ ಮುಗಿಸಿತ್ತು.

ಮಗ ನಿಶಾಂತ ಜಮಖಂಡಿಯ ಹಾಸ್ಟೆಲಿನಲ್ಲಿದ್ದು ಬಿಎಸ್ಸಿ ಓದುತ್ತಿದ್ದ. ಶನಿವಾರ ಊರಿಗೆ ಬಂದವನನ್ನು ತಾಯಿ ಬಾಗಿಲಲ್ಲೇ ಹಿಡಿದಳು.

"ನಿನ್ನ ಬಾಟನಿ ಏನರ ಉಪಯೋಗಕ್ಕ ಬರತೈತೇನ ನೋಡಪಾ. ಇದಕ್ಕ ಕಾಮಣಿ ಆಗೇತಿ."

ಕಾಮಣಿಯಾದವರ ಕಣ್ಣಿನ ಹಾಗೆಯೇ ಕೆಳಗಿನ ಎಲೆಗಳು ಹಳದಿಯಾಗಿದ್ದವು. ನೆಟ್ಟಗಿದ್ದ ಕಾಂಡಗಳು ಕುಡಿದವರಂತೆ ಒಂದೊಂದು ದಿಕ್ಕಿಗೆ ಒರಗಿದ್ದವು. ನಿಶಾಂತ ಎಲೆಯ ಮೇಲೆ ಬೆರಳಾಡಿಸಿದ. ಬೂದು ಬಣ್ಣದ ಪದರು ಬೆರಳಿಗೆ ಬಂತು. ಕೆಳಗಿನ ಮಹಡಿಯಲ್ಲಿ ಪವರ್‌ಲೂಮ್ ಶೆಡ್ಡು. ಹತ್ತಿಯ ಧೂಳು ಮೆಟ್ಟಿಲೇರಿ ಎಲ್ಲರ ಮನೆಗೂ ಬರುತ್ತಿತ್ತು. ಎಲೆಗೆ ಉಸಿರು ಕಟ್ಟಿದೆ ಎಂದು ಅವನು ತೀರ್ಮಾನಿಸಿದ. ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆ ಒರೆಸಿ, ಕುಂಡವನ್ನು ಕಿಟಕಿಯ ಹತ್ತಿರ ಸರಿಸಿ ಹಾಸ್ಟೆಲಿಗೆ ಹೋದ. ಮುಂದಿನ ಶನಿವಾರ ಬಂದಾಗ ಎಲೆಗಳು ಸ್ವಚ್ಛವಾಗಿದ್ದವು. ಹಳದಿ ಇನ್ನಷ್ಟು ಮೇಲೇರಿತ್ತು.

ಈ ಸಲ ಅವನು ಮಣ್ಣಿಗೆ ಬೆರಳು ಚುಚ್ಚಿದ. ಬೆರಳು ಸಲೀಸಾಗಿ ಬುಡದವರೆಗೂ ಇಳಿಯಿತು. ಮಣ್ಣು ಕೆಸರಾಗಿತ್ತು.

"ನೀರು ಯಾರ ಹಾಕ್ತೀರಿ?"

"ನಾ ಹಾಕಿ ತಿಂಗಳಾತು," ಅಂದಳು ತಾಯಿ. "ನಿಮ್ಮಪ್ಪ ಅಂತೂ ತನ್ನ ಸ್ನಾನಕ್ಕ ನೀರ ತೋಡ್ಕೊಳ್ಳೋದ ದೊಡ್ಡದು."

ಉತ್ತರ ಭಾನುವಾರ ಬೆಳಿಗ್ಗೆ ಸಿಕ್ಕಿತು. ಅವನ ಅಜ್ಜಿ ಹೀರಾಬಾಯಿ, ಮನೆಯವರಿಗೆಲ್ಲ ಆಯಿ, ನಲ್ಲಿಯ ಕೆಳಗೆ ಕೊಡ ಇಟ್ಟು ಅದರ ಬಾಯಿಗೆ ಬಿಳಿ ಅರಿವೆಯನ್ನು ಎರಡು ಮಡಿಕೆ ಮಾಡಿ ಹಾಸಿ ನೀರು ಸೋಸುತ್ತಿದ್ದಳು. ಇದನ್ನು ನಿಶಾಂತ ಹುಟ್ಟಿದಾಗಿನಿಂದ ನೋಡಿದ್ದ, ಆದ್ದರಿಂದ ಎಂದೂ ನೋಡಿರಲಿಲ್ಲ. ಕೊಡ ತುಂಬಿದ ಮೇಲೆ ಆಯಿ ಅರಿವೆಯನ್ನು ತಿರುವಿ ಹಾಕಿ, ಸೋಸಿದ ನೀರನ್ನೇ ಅದರ ಮೇಲೆ ಮೆಲ್ಲಗೆ ಹೊಯ್ದು ಹಿತ್ತಾಳೆಯ ಬಟ್ಟಲಿನಲ್ಲಿ ಹಿಡಿದಳು. ಬಟ್ಟೆಗೆ ಅಂಟಿದ ಕಣ್ಣಿಗೆ ಕಾಣದ ಜೀವಗಳು ಹೀಗೆ ಬಟ್ಟಲಿಗೆ ಇಳಿಯುತ್ತವೆ. ಆ ನೀರಿಗೆ ಜೀವಾಣಿ ಎಂದು ಹೆಸರು. ಆಯಿ ಎರಡೂ ಕೈಯಲ್ಲಿ ಬಟ್ಟಲು ಹಿಡಿದುಕೊಂಡು ಹೊರಗಿನ ಕೋಣೆಗೆ ನಡೆದು, ಬಗ್ಗಿ, ಗಿಡದ ಬುಡಕ್ಕೆ ಸದ್ದಾಗದಂತೆ ಬಗ್ಗಿಸಿದಳು.

"ಆಯಿ! ಏನ ಮಾಡಾಕತ್ತಿ?"

"ಕಾಣಂಗಿಲ್ಲೇನ? ಜೀವಾಣಿ ಬಿಡಾಕತ್ತೇನಿ."

"ಕುಂಡದಾಗ?"

"ಮತ್ತೆಲ್ಲಿ ಬಿಡ್ಲಿ? ನಿಮ್ಮಪ್ಪ ಎರಡನೇ ಮಾಳಿಗಿ ಮ್ಯಾಲ ಬಾವಿ ತೋಡಿಸ್ಯಾನೇನ? ಬಚ್ಚಲಕ್ಕ ಹಾಕಿದ್ರ ಸೋಪಿನ ನೀರಾಗ ಸಾಯ್ತಾವು. ಇಲ್ಲಿ ತಂಪ ಮಣ್ಣೈತಿ, ನೆಳ್ಳೈತಿ. ಹೆಂಗರ ಬದಕ್ಕೋತಾವು."

"ದಿನಕ್ಕ ಎಷ್ಟ ಸಲ ಹಾಕ್ತಿ?"

"ನೀರ ಸೋಸಿದಾಗೊಮ್ಮಿ."

ಜೈನರ ಆಚಾರದಲ್ಲಿ ಸೋಸಿದ ನೀರು ಎರಡು ಗಳಿಗೆಯಷ್ಟೇ ಶುದ್ಧ. ಆಮೇಲೆ ಮತ್ತೆ ಸೋಸಬೇಕು. ಅಂದರೆ ಬೆಳಗಿನಿಂದ ಹೊತ್ತು ಮುಳುಗುವವರೆಗೆ ಬಟ್ಟಲಿನ ಮೇಲೆ ಬಟ್ಟಲು. ತೇರದಾಳದಲ್ಲಿ ಮನೆಯ ಹಿಂದೆ ಬಾವಿಯಿತ್ತು. ಅಲ್ಲಿ ಬುಡಕ್ಕೆ ಕೊಂಡಿಯಿದ್ದ ಒಂದು ಸಣ್ಣ ಬಿಂದಿಗೆಯಲ್ಲಿ ಆಯಿ ಜೀವಾಣಿಯನ್ನು ಇಳಿಬಿಡುತ್ತಿದ್ದಳು. ನೀರು ಮುಟ್ಟಿದ ಮೇಲಷ್ಟೇ ಬಿಂದಿಗೆ ಮಗುಚಬೇಕು. ಮೇಲಿಂದ ಸುರಿದರೆ ಅವಕ್ಕೆ ಪೆಟ್ಟಾಗುತ್ತದೆ.

ನಿಶಾಂತನಿಗೆ ನಗು ಬರಲಿಲ್ಲ. ಮೊದಲ ವರ್ಷ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಕೆರೆಯ ನೀರಿನ ಒಂದು ಹನಿ ಇಟ್ಟು ನೋಡಿದ್ದ. ಗಾಜಿನಂಥ ಒಂದು ಪ್ರಾಣಿ, ಬಾಯಿಯ ಸುತ್ತ ಕೂದಲಿನ ಚಕ್ರ ಗರಗರ ತಿರುಗಿಸುತ್ತ, ತಿಂದದ್ದು ಹೊಟ್ಟೆಯಲ್ಲಿ ಇಳಿಯುವುದೂ ಕಾಣುವಂತೆ ಈಜುತ್ತಿತ್ತು. ಮೇಷ್ಟ್ರು ಮುಂದಿನ ಹುಡುಗನನ್ನು ಕರೆದರೂ ಅವನು ಕಣ್ಣು ತೆಗೆದಿರಲಿಲ್ಲ. ಯಾವ ಗಾಜೂ ಇಲ್ಲದೆ ಆಯಿ ಇದಕ್ಕಾಗಿ ಜೀವಮಾನವಿಡೀ ಅರಿವೆ ತಿರುವಿದ್ದಾಳಲ್ಲ ಎನಿಸಿ ಮೈ ಜುಮ್ಮೆಂದಿತ್ತು. ಹಾಸ್ಟೆಲಿನಲ್ಲಿ ಯಾರಿಗೂ ಹೇಳಿರಲಿಲ್ಲ. ಅಲ್ಲಿ ಅವನು ಬಟಾಟೆ ಪಲ್ಯ ತಿನ್ನುವ ಜೈನರ ಹುಡುಗ.

ಈಗ ಅವನು ಪಿಂಗಾಣಿ ಕುಂಡದೊಳಗಿನ ಕಪ್ಪು ಪ್ಲಾಸ್ಟಿಕ್ ಕುಂಡವನ್ನು ಎತ್ತಿದ. ಪಿಂಗಾಣಿಯ ಬುಡಕ್ಕೆ ತೂತೇ ಇರಲಿಲ್ಲ. ತಳದಲ್ಲಿ ನಿಂತ ಕಪ್ಪು ನೀರಿನಿಂದ ಎದ್ದ ವಾಸನೆಗೆ ತಾಯಿ ಸೆರಗು ಮೂಗಿಗೆ ಹಿಡಿದಳು.

"ಆಯಿ, ನೀ ಇದನ್ನ ಮುಳಗಿಸಿ ಕೊಲ್ಲಾಕತ್ತಿ," ಅಂದ ನಿಶಾಂತ.

"ಏ, ದೊಡ್ಡಾವ್ರಿಗೆ ಹಂಗಂತಾರೇನೋ?" ತಾಯಿ ಗದರಿದಳು.

ಆಯಿ ಖಾಲಿ ಬಟ್ಟಲನ್ನು ಹಿಡಿದುಕೊಂಡು ಆ ನೀರನ್ನೇ ನೋಡುತ್ತ ನಿಂತಳು.

ಗಿಡವನ್ನು ಬಾಲ್ಕನಿಗೆ ಒಯ್ದು, ಹಳೆ ಪೇಪರಿನ ಮೇಲೆ ಬೋರಲು ಹಾಕಿ ಅವನು ಮಣ್ಣು ಬಿಡಿಸಿದ. ಒಳಗಿದ್ದದ್ದನ್ನು ನೋಡಿ ಅವನೇ ಬೆಚ್ಚಿದ. ಬೇರು ಇರಬೇಕಾದಲ್ಲಿ ಮುಷ್ಟಿಯಷ್ಟು ದಪ್ಪದ ಗಡ್ಡೆಗಳು ಒಂದಕ್ಕೊಂದು ಒತ್ತಿಕೊಂಡು ಕುಂಡದ ಆಕಾರಕ್ಕೇ ಬೆಳೆದಿದ್ದವು. ಹೆಚ್ಚಿನವು ಒತ್ತಿದರೆ ಕಂದು ರಸ ಬಿಟ್ಟು ಕುಸಿಯುತ್ತಿದ್ದವು.

"ಗಡ್ಡಿ ಗಿಡಾನ ಇದು?" ಬಾಗಿಲಲ್ಲಿ ನಿಂತಿದ್ದ ಆಯಿ ಒಂದು ಹೆಜ್ಜೆ ಹಿಂದೆ ಸರಿದಳು.

ಆ ಮನೆಯ ಅಡುಗೆಗೆ ಉಳ್ಳಾಗಡ್ಡಿ, ಬಟಾಟೆ, ಗಜ್ಜರಿ ಎಂದೂ ಬಂದದ್ದಿಲ್ಲ. ಎಲೆಗೆ ಒಂದು ಜೀವ, ಹಣ್ಣಿಗೆ ಒಂದು ಜೀವ. ಗಡ್ಡೆಯೊಳಗೆ ಅನಂತ ಜೀವ. ಅದನ್ನು ಕೊಯ್ದರೆ ಲೆಕ್ಕವಿಲ್ಲದಷ್ಟನ್ನು ಒಮ್ಮೆಗೇ ಕೊಯ್ದಂತೆ. ಆಯಿ ತನ್ನ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಒಂದು ಗಡ್ಡೆಯನ್ನೂ ಕೈಯಿಂದ ಮುಟ್ಟಿರಲಿಲ್ಲ.

"ಕೊಳತದ್ದು ಕೊಯ್ದ ತಗೀಬೇಕಾಯಿ. ಇಲ್ಲಂದ್ರ ಉಳದದ್ದೂ ಹೋಗತೈತಿ."

"ಕೊಯ್ಯಿ. ನಾ ಒಳಗ ಹೋಗ್ತೇನಿ." ಎರಡು ಹೆಜ್ಜೆ ಹೋದವಳು ತಿರುಗಿದಳು. "ಆ ಮಣ್ಣ ಬಿಸಲಿಗೆ ಹರವಬ್ಯಾಡ. ಅದರಾಗ ನಾ ಬಿಟ್ಟಾವು ಅದಾವು."

ಕೊಯ್ದು ಬಿಸಾಕಿದ ಮೇಲೆ ಗಟ್ಟಿಯಾಗಿ ಉಳಿದದ್ದು ಒಂದೇ ಗಡ್ಡೆ, ಅದರ ಮೇಲೆ ಒಂದೇ ಕಾಂಡ. ಎದುರಿಗೆ ಕಟ್ಟುತ್ತಿದ್ದ ಮನೆಯಿಂದ ಮರಳು, ದೇವರಿಗೆ ಒಡೆದ ತೆಂಗಿನಕಾಯಿಯ ನಾರು ಸೇರಿಸಿ, ತೂತಿದ್ದ ಮಣ್ಣಿನ ಕುಂಡದಲ್ಲಿ ಅದನ್ನು ನೆಟ್ಟ. ಕೆಸರನ್ನು ಬಕೆಟ್ಟಿನಲ್ಲಿ ತುಂಬಿ ಬಸದಿಯ ಹಿಂದಿನ ಬೇವಿನ ನೆರಳಿಗೆ ಸುರಿದು ಬಂದ. ಬಸದಿಯಲ್ಲಿ ಬಾವಿಯೂ ಇತ್ತು. ಅಂದಿನಿಂದ ಜೀವಾಣಿ ದೊಡ್ಡ ಡಬ್ಬಿಯಲ್ಲಿ ಸೇರಿ, ತಾಯಿಯ ಸ್ಕೂಟಿ ಏರಿ ಅಲ್ಲಿಗೆ ಹೋಗತೊಡಗಿತು. ಅಲ್ಲಿಗೆ ಮುಗಿಯಿತು ಎಂದುಕೊಂಡ ನಿಶಾಂತ.

ಮುಗಿದಿರಲಿಲ್ಲ. ಆ ವರ್ಷ ಚಾತುರ್ಮಾಸಕ್ಕೆ ಮುನಿಗಳೊಬ್ಬರು ಬಸದಿಯಲ್ಲಿ ತಂಗಿದ್ದರು. ಮರುದಿನ ಅಲ್ಲಿಗೆ ಹೋಗಿ ಬಂದ ಆಯಿ ಊಟದ ಮಣೆಯ ಮೇಲೆ ಕೂತು, ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಅನ್ನುವ ದನಿಯಲ್ಲೇ ಹೇಳಿದಳು: "ನೇಮಾ ತಗೊಂಡ ಬಂದೇನಿ. ಆ ಗಿಡದಾಗ ಜೀವ ಐತಿ ಅಂತ ನನ್ನ ಕಣ್ಣಿಗೆ ಬೀಳೂ ತನಕ ಒಪ್ಪತ್ತು."

ಒಪ್ಪತ್ತು ಎಂದರೆ ದಿನಕ್ಕೆ ಒಂದೇ ಸಲ ಕೂತು ಊಟ, ಆಗಲೇ ನೀರು. ಆಮೇಲೆ ಮರುದಿನದವರೆಗೆ ಒಂದು ಗುಟುಕೂ ಇಲ್ಲ. ಆಯಿಗೆ ಸಕ್ಕರೆ ಕಾಯಿಲೆಯಿತ್ತು, ರಕ್ತದೊತ್ತಡವಿತ್ತು. ಹಗಲಿನ ಮಾತ್ರೆ ಊಟದ ಜೊತೆ ಹೋಗುತ್ತಿತ್ತು. ಸಂಜೆಯ ಮಾತ್ರೆಗೆ ನೀರೇ ಇಲ್ಲವಾಯಿತು.

"ಅವ್ವಾ, ಒಂದ ಗಿಡದ ಸಲುವಾಗಿ..." ಜಿನೇಂದ್ರ ತಟ್ಟೆ ಸರಿಸಿದ.

"ಒಂದ ಅಂತ ನೀ ಎಣಿಸಿಯೇನೋ ಜಿನ್ಯಾ? ಎಷ್ಟ ಇದ್ದೂ ಅಂತ ಗೊತ್ತೈತೇನ ನಿನಗ?"

ಮಳೆ ಜಿನುಗುತ್ತ ಹೋಯಿತು. ನಿಶಾಂತ ಶನಿವಾರ ಬಂದಾಗ ಮರಳಿನ ಮೇಲೆ ಒಂದು ಬೊಗಸೆ ನೀರು ಚಿಮುಕಿಸುತ್ತಿದ್ದ, ಅಷ್ಟೇ. ಕಾಂಡ ಹೊಸ ಚಿಗುರು ಬಿಡುವುದಿರಲಿ, ಇದ್ದ ಎಲೆಗಳನ್ನೇ ಉದುರಿಸತೊಡಗಿತು. ಒಂದು ವಾರ ಎರಡು, ಇನ್ನೊಂದು ವಾರ ಐದಾರು. ತಾಯಿ ಗುಡಿಸಿ ಎಸೆಯಲು ಹೋದರೆ ಆಯಿ ಬಿಡಲಿಲ್ಲ: "ಬಿದ್ದಲ್ಲೇ ಇರ್ಲಿ. ನಾವೇನ ಎತ್ತೂದು ಬ್ಯಾಡ." ಮಧ್ಯಾಹ್ನವೆಲ್ಲ ಅವಳು ಬಾಲ್ಕನಿಯಲ್ಲಿ ಕುಂಡದ ಎದುರು ಕೂರುತ್ತಿದ್ದಳು. ಒಂದು ಎಲೆ ಉದುರಿದರೆ ಜಪ ನಿಲ್ಲುತ್ತಿತ್ತು, ಮತ್ತೆ ಮುಂದುವರಿಯುತ್ತಿತ್ತು. ಅವಳ ರವಿಕೆಯ ತೋಳು ಸಡಿಲವಾಯಿತು. ದಸರೆ ಮುಗಿದ ಮೇಲೆ ಒಂದು ದಿನ ಮೆಟ್ಟಿಲಿಳಿಯುವಾಗ ಕಣ್ಣಿಗೆ ಕತ್ತಲೆ ಬಂದು ಕೂತುಬಿಟ್ಟಳು. ಕೆಳಗಿನ ಶೆಡ್ಡಿನವರು ಮಗ್ಗ ನಿಲ್ಲಿಸಿ ಓಡಿ ಬಂದು ಹಿಡಿದರು. ಜಮಖಂಡಿಯ ಡಾಕ್ಟರು, ಹೀಗೇ ಬಿಟ್ಟರೆ ಮೂತ್ರಪಿಂಡ ಉಳಿಯುವುದಿಲ್ಲ ಎಂದು ಜಿನೇಂದ್ರನಿಗೆ ಚೆನ್ನಾಗಿ ಬೈದರು.

ಆ ಸಂಜೆ ಜಿನೇಂದ್ರ ಮಗನಿಗೆ ಫೋನ್ ಮಾಡಿದ. "ಮುಧೋಳದ ನರ್ಸರಿಯೊಳಗ ಇಂಥಾದ ಸಿಗತೈತಂತ. ಎಳೀ ಚಿಗರ ಇದ್ದದ್ದ ನೋಡಿ ತಾ. ನಿಮ್ಮಾಯಿ ಬಸದಿಗೆ ಹೋದಾಗ ಬದಲಿ ಮಾಡಿ ಬಿಡು. ಮೊದಲ ಆಕಿ ನೀರ ಕುಡೀಲಿ."

ನಿಶಾಂತ ಆಗಲಿ ಅಂದ. ಅದರಲ್ಲಿ ಅವನಿಗೆ ತಪ್ಪೇನೂ ಕಾಣಲಿಲ್ಲ. ಸುಳ್ಳಿಗಿಂತ ಮೂತ್ರಪಿಂಡ ದೊಡ್ಡದು.

ಅವನ ಕೋಣೆಯ ಜೊತೆಗಾರ ಮಾಳು, ಚಿಮ್ಮಡದ ಕುರುಬರ ಹುಡುಗ, ಬೈಕ್ ತೆಗೆದ. ಮುಧೋಳದಿಂದ ಬರುವಾಗ ಹಿಂದೆ ಕೂತ ನಿಶಾಂತನ ತೊಡೆಯ ಮೇಲೆ ಹೊಸ ಗಿಡ, ಅದರ ನಡುವೆ ಹಸಿರು ಮೆಣಸಿನಕಾಯಿಯಂತೆ ಎದ್ದ ಒಂದು ಚಿಗುರು.

"ಲೇ, ನಮ್ಮವ್ವ ಬೀರಪ್ಪಗ ಹರಕಿ ಹೊತ್ರ ಕುರಿ ಹೋಗತೈತಿ," ಗಾಳಿಯಲ್ಲಿ ಕೂಗಿದ ಮಾಳು. "ನಿಮ್ಮಾಯಿ ನೇಮಾ ಹಿಡದ್ರ ತಾನ ಹೋಗಾಕ ನಿಂತಾಳಲ್ಲಲೇ."

"ಬಾಯಿ ಮುಚ್ಚಿ ಗಾಡಿ ಹೊಡಿ."

ಮನೆಗೆ ಬಂದಾಗ ಇಳಿಹೊತ್ತು. ಆಯಿ ಪ್ರವಚನಕ್ಕೆ ಹೋಗಿದ್ದಳು. ಇಬ್ಬರೂ ಬಾಲ್ಕನಿಯಲ್ಲಿ ಕೂತರು. ಹಳೆಯ ಕಾಂಡದಲ್ಲಿ ಎಲೆಯೇ ಉಳಿದಿರಲಿಲ್ಲ. ನಿಶಾಂತ ಹಿಡಿದು ಎಳೆದ. ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. ಬುಡದ ಗಡ್ಡೆ ಕರಗಿ ಹೋಗಿ ಬರೀ ಸಿಪ್ಪೆಯಿತ್ತು.

"ಆತು, ಮುಗೀತು," ಅಂದ ಮಾಳು. "ಹೊಸಾದ ಇಡು."

ಮರಳಿನ ಮೇಲೆ ಬಿದ್ದಿದ್ದ ಎಲೆಗಳನ್ನು ಬಾಚಿ ತೆಗೆಯಲು ನಿಶಾಂತ ಒಂದನ್ನು ಎತ್ತಿದ. ಅರ್ಧ ಹಳದಿ, ಅರ್ಧ ಹಸಿರು. ಅದು ಬರಲಿಲ್ಲ. ಅವನಿಗೆ ಅರ್ಥವಾಗಲಿಲ್ಲ. ಉದುರಿ ವಾರಗಳಾದ ಎಲೆ, ಬರೀ ಮೇಲೆ ಬಿದ್ದದ್ದು, ನೆಲ ಕಚ್ಚಿ ಹಿಡಿದಿತ್ತು. ಇನ್ನೊಂದನ್ನು ಹಿಡಿದ. ಅದೂ ಎದುರು ಎಳೆಯಿತು. ಸತ್ತದ್ದು ಕೈಯನ್ನು ಹಿಂದಕ್ಕೆ ಜಗ್ಗಿದಂತಾಗಿ ಅವನು ತಟ್ಟನೆ ಬಿಟ್ಟ.

"ಏನಾತಲೇ?"

ಅವನು ಬೆರಳಿನಿಂದ ಎಲೆಯ ಸುತ್ತಲ ಮರಳನ್ನು ಸರಿಸಿದ. ಎಲೆ ಕಾಂಡದಿಂದ ಕಳಚಿಕೊಂಡ ಜಾಗ, ಒಂದು ಗಾಯದಷ್ಟು ಜಾಗ, ಅಲ್ಲಿ ಬಟಾಣಿ ಗಾತ್ರದ ಒಂದು ಗುಂಡು. ನುಣುಪಾಗಿತ್ತು, ಗಟ್ಟಿಯಾಗಿತ್ತು, ಸಣ್ಣದೊಂದು ಗಡ್ಡೆಯೇ. ಅದರಿಂದ ಹಾಲುಬಿಳಿ ಬೇರುಗಳು ಹೊರಟು ಮರಳಿನ ಹರಳುಗಳನ್ನು ಒಂದೊಂದಾಗಿ ಅಪ್ಪಿದ್ದವು. ಎಲೆ ತನ್ನ ಹಸಿರನ್ನೆಲ್ಲ ಕೆಳಗಿಳಿಸಿ ಅದನ್ನು ಕಟ್ಟಿದಂತಿತ್ತು. ಅವನು ಎರಡನೆಯದನ್ನು ಬಿಡಿಸಿದ. ಅದಕ್ಕೂ ಇತ್ತು. ಮೂರನೆಯದಕ್ಕೂ. ಮೂರು ತಿಂಗಳು ಮನೆಯವರೆಲ್ಲ ಒಂದೊಂದು ಎಲೆ ಬಿದ್ದಾಗಲೂ ಗಿಡ ಸಾಯುತ್ತಿದೆ ಎಂದು ನೋಡುತ್ತ ಕೂತಿದ್ದರು. ಅದು ಎಲೆ ಉದುರಿಸಿ ಉದುರಿಸಿ ತನ್ನನ್ನು ಬೇರೆಡೆಗೆ ದಾಟಿಸುತ್ತಿತ್ತು.

ಒಂದು ಜೀವಕೋಶಕ್ಕೆ ಇಡೀ ಸಸ್ಯವಾಗುವ ಸಾಮರ್ಥ್ಯವಿದೆ ಎಂದು ನಿಶಾಂತ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದ. ಆ ವಾಕ್ಯ ಇದನ್ನೇ ಹೇಳುತ್ತಿತ್ತೆಂದು ಅವನಿಗೆ ಹೊಳೆದಿರಲಿಲ್ಲ.

ಮಾಳು ಬಹಳ ಹೊತ್ತು ಬಗ್ಗಿ ನೋಡಿದ. ಅವನ ದನಿ ತಗ್ಗಿತ್ತು. "ಲೇ... ಕುರಿ ಕಿವಿ ಕೊಯ್ದ ಒಗದ್ರ, ಅದರಿಂದ ಕುರಿಮರಿ ಎದ್ದ ಬಂದಂಗಾತಲ್ಲಲೇ ಇದು."

"ಹೌದು."

"ಈಗೇನ ಮಾಡ್ತಿ? ಹೊಸಾದ ಇಟ್ಟಬಿಡು. ಮುದುಕಿ ಬರೂ ಹೊತ್ತಾತು. ಚಿಗರ ಕಂಡ್ರ ನೀರ ಕುಡೀತಾಳ. ಈ ಗುಂಡ ನೋಡಿ ಒಪ್ತಾಳೋ ಇಲ್ಲೋ ಯಾರಿಗ್ಗೊತ್ತ?"

ಮಾಳುವಿನ ಲೆಕ್ಕ ಸರಿಯಿತ್ತು. ನಿಶಾಂತ ಹೊಸ ಗಿಡವನ್ನು ನೋಡಿದ, ಕೈಯಲ್ಲಿದ್ದ ಎಲೆಯನ್ನು ನೋಡಿದ. ಪ್ರಾಮಾಣಿಕತೆ ಗೀಮಾಣಿಕತೆ ಅವನ ತಲೆಗೆ ಬರಲಿಲ್ಲ. ಇದನ್ನು ಕಂಡ ಮೇಲೆ ಆಯಿಗೆ ತೋರಿಸದೆ ಇರಲು ಸಾಧ್ಯವಾಗಲಿಲ್ಲ, ಅಷ್ಟೇ.

ಮೆಟ್ಟಿಲಲ್ಲಿ ನಿಂತು ನಿಂತು ಏರುವ ಹೆಜ್ಜೆ ಕೇಳಿಸಿತು. ಆಯಿ ಬಾಲ್ಕನಿಗೆ ಬಂದು ಕಾಂಡವಿಲ್ಲದ ಕುಂಡ, ಕೆದಕಿದ ಮರಳು, ಮೂಲೆಯಲ್ಲಿದ್ದ ಹೊಸ ಗಿಡ ಎಲ್ಲವನ್ನೂ ಒಂದೇ ನೋಟದಲ್ಲಿ ನೋಡಿದಳು.

"ಜಿನ್ಯಾನ ಉಪಾಯ ಹೌದಿಲ್ಲೋ?" ಅಂದಳು. "ಅವ ಸಣ್ಣಾಂವ ಇದ್ದಾಗೂ ಒಡದ ಲೋಟಾ ಮುಚ್ಚಿ ಅದರ ಜಾಗಾಕ್ಕ ಬ್ಯಾರೇದ ಇಡಾಂವ."

ಮಾಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. "ನಮಸ್ಕಾರ್ರಿ ಆಯಿ."

"ನಮಸ್ಕಾರಪಾ. ಕುಂಡರ್ರಿ."

"ಆಯಿ, ಹಳೇ ಗಿಡ ಸತ್ತೈತಿ," ಅಂದ ನಿಶಾಂತ. "ಉಳಿಸಿದ್ದ ಗಡ್ಡಿನೂ ಕೊಳತ ಹೋಗೇತಿ. ಅದನ್ನ ನಾವ ಕೊಂದಿವಿ."

"ಗೊತ್ತಿತ್ತ ನನಗ."

"ಇದನ್ನ ನೋಡ."

ಆಯಿ ಗೋಡೆ ಹಿಡಿದು ಕೂತು ಕನ್ನಡಕ ಏರಿಸಿದಳು. ನಿಶಾಂತ ಎಲೆಯನ್ನು ಅವಳ ಅಂಗೈಯಲ್ಲಿ ಇಡಲು ಹೋಗಿ ತಡೆದ. "ಗಡ್ಡಿ ಐತಿ ಆಯಿ, ಮುಟ್ತಿಯೇನ?"

ಅವಳು ಅಂಗೈ ಚಾಚಿಯೇ ಇದ್ದಳು. ಅವನು ಇಟ್ಟ. ಅವಳು ಅದನ್ನು ಬೆಳಕಿಗೆ ಹಿಡಿದಳು. ಒಂದು ಬೇರಿನ ತುದಿಯಲ್ಲಿ ಮರಳಿನ ಕಣವೊಂದು ತೂಗುತ್ತಿತ್ತು.

"ಇದೆಲ್ಲಿಂದ ಬಂತು?"

"ಉದರಿದ ಎಲಿಯಿಂದ."

"ಯಾರ ನೆಟ್ರು?"

"ಯಾರೂ ಇಲ್ಲ. ಬಿದ್ದಲ್ಲೇ ಆಗೇತಿ."

"ನನ್ನ ಕಣ್ಣ ಮುಂದ?" ಆಯಿಯ ದನಿ ಬಹಳ ಮೆಲ್ಲಗಾಯಿತು. "ನಾ ಇಲ್ಲೇ ಕುಂತಿದ್ನೆಲ್ಲೋ ದಿನಾ. ನನ್ನ ಕಣ್ಣ ಮುಂದ ಇದು ಇಷ್ಟ ನಡಸಿತ್ತೇನ?"

ಅವಳು ಹೆಬ್ಬೆರಳಿನಿಂದ ಆ ಗುಂಡನ್ನು, ಕೂಸಿನ ನೆತ್ತಿ ಮುಟ್ಟುವಷ್ಟು ಹಗುರಾಗಿ, ಮುಟ್ಟಿದಳು. "ಅನಂತ ಜೀವ ಅಂತ ಸಣ್ಣಾಕಿ ಇದ್ದಾಗಿಂದ ಹೇಳ್ಕೋತ ಬಂದೇನಿ. ಎಲ್ಲಾರಿಗೂ ಹೇಳೇನಿ. ಇಷ್ಟ ಖರೆ ಅಂತ ನನಗ ಗೊತ್ತಿರಲಿಲ್ಲ ನೋಡಪಾ."

ತಾಯಿ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿರಬೇಕು. ಒಂದು ಲೋಟ ನೀರು, ಮಾತ್ರೆ ಹಿಡಿದು ಓಡಿ ಬಂದಳು. "ಅತ್ತೀ, ನೇಮಾ ಮುಗೀತಲ್ರಿ? ಹೊತ್ತ ಮುಣಗಾಕ ಬಂದೈತಿ. ಮೊದಲ ಕುಡೀರಿ, ಆಮ್ಯಾಲ ನೋಡ್ರಿ."

"ಮುಗೀತ, ಮುಗೀತ. ಇಡ ಅಲ್ಲೇ. ಏ ನಿಶಾಂತ, ಅದಕ್ಕೂ ಐತೇನ ನೋಡ, ಆ ಮೂಲ್ಯಾಗಿಂದಕ್ಕ."

ಇತ್ತು. ಒಂದಕ್ಕೆ ಬರೀ ಗುಂಡು, ಬೇರಿನ್ನೂ ಬಂದಿರಲಿಲ್ಲ. ಒಂದು ಎಲೆ ಪೂರ್ತಿ ಒಣಗಿ ಕಾಗದವಾಗಿತ್ತು. ಅದರ ಗುಂಡಿನ ನೆತ್ತಿಯ ಮೇಲೆ ಸೂಜಿ ಮೊನೆಯಷ್ಟು ಹಸಿರು ಮುಳ್ಳು. ಅದನ್ನು ಕಂಡು ಮಾಳು, "ಆಯಿ, ಇಲ್ಲಿ, ಇಲ್ಲಿ ನೋಡ್ರಿ!" ಎಂದು ಕೂಗಿದ. ನಾಲ್ಕು ತಲೆಗಳು ಒಂದಕ್ಕೊಂದು ತಾಗುವಂತೆ ಬಗ್ಗಿದವು. ತಾಯಿಯೂ ಲೋಟವನ್ನು ಕಟ್ಟೆಯ ಮೇಲಿಟ್ಟು ಕೂತಿದ್ದಳು. ಕೆಳಗೆ ಮಗ್ಗಗಳು ಬಡಿಯುತ್ತಲೇ ಇದ್ದವು. ಯಾರ ಕಿವಿಗೂ ಬೀಳಲಿಲ್ಲ.

"ಏನ ನಡದೈತಿ ಇಲ್ಲಿ? ನೀರ ಕುಡದ್ಲೇನ?" ಬಾಗಿಲಲ್ಲಿ ಜಿನೇಂದ್ರ, ಅಂಗಡಿ ಮುಚ್ಚಿ ಬಂದವನು, ಏದುಸಿರು ಬಿಡುತ್ತಿದ್ದ.

ಎಲ್ಲರೂ ತಲೆಯೆತ್ತಿದರು. ಎದುರಿನ ನೀರಿನ ಟಾಕಿಯ ಹಿಂದೆ ಆಕಾಶ ಕೆಂಪಾಗಿ, ಆ ಕೆಂಪೂ ಬೂದಿಯಾಗುತ್ತಿತ್ತು. ಸೂರ್ಯ ಯಾವಾಗಲೋ ಹೋಗಿದ್ದ. ಹೊತ್ತು ಮುಳುಗಿದ ಮೇಲೆ ಆಯಿ ಹನಿ ನೀರು ಮುಟ್ಟುವವಳಲ್ಲ. ಅದು ಇವತ್ತಿನ ನೇಮವಲ್ಲ, ಮದುವೆಗೂ ಮುಂಚಿನದು. ಕಟ್ಟೆಯ ಮೇಲೆ ಲೋಟ ತುಂಬಿದಂತೆಯೇ ಇತ್ತು.

"ನೇಮಾ ಮುಗದಿತ್ರಿ," ತಾಯಿ ತೊದಲಿದಳು. "ಇಲ್ಲೇ ಇಟ್ಟಿದ್ದೆ. ನೋಡ್ಕೋತ..."

"ಒಂದ ಲೋಟ ನೀರ ಕುಡಸಾಕ ಆಗಲಿಲ್ಲೇನೋ ಮೂರೂ ಮಂದಿಗೆ?" ಜಿನೇಂದ್ರ ಮಗನ ಮೇಲೆ ರೇಗಿದ. ನಿಶಾಂತನೂ ಬೆಳಕು ಹೋದದ್ದನ್ನು ಕಂಡಿರಲಿಲ್ಲ.

ಆಯಿ ನಕ್ಕಳು. ಮಳೆಗಾಲದಿಂದೀಚೆಗೆ ಅವಳು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. "ಸುಮ್ನಿರೋ ಜಿನ್ಯಾ. ನಾಳಿ ಮುಂಜಾನೆ ಎದ್ದಕೂಡ್ಲೇ ಕುಡೀತೇನಿ, ನಿನ್ನ ಗುಳಿಗಿನೂ ನುಂಗ್ತೇನಿ. ಒಂದ ರಾತ್ರಿಗೆ ನಾ ಎಲ್ಲಿ ಹೋಗಂಗಿಲ್ಲ. ಆ ಹೊಸಾ ಗಿಡಾನ ಒಳಗ ಇಡು, ಅದೇನ ತಪ್ಪ ಮಾಡೈತಿ ಪಾಪ. ಮತ್ತ ಆ ಲೈಟ್ ಹಚ್ಚು. ಇಲ್ಲಿ ಬಾ, ಕುಂಡರು."

ಜಿನೇಂದ್ರ ಗೊಣಗುತ್ತ ದೀಪ ಹಾಕಿದ. ಆಮೇಲೆ, ಅಂಗಡಿಯ ಇಸ್ತ್ರಿ ಪ್ಯಾಂಟಿನಲ್ಲೇ, ಮರಳಿನ ಪಕ್ಕ ಕೂತು ತಾಯಿಯ ಅಂಗೈಯೊಳಗೆ ಬಗ್ಗಿ ನೋಡಿದ.